ವಿಕಲಚೇತನರ ಉನ್ನತ ಶಿಕ್ಷಣ: ಧಾರವಾಡ ಜಿಲ್ಲೆಯ ಗ್ರಾಮೀಣ ಭಾಗ

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳಿರುವ ಈ ಸೀಮೆಯಲ್ಲಿ ವಿಕಲಚೇತನ ಮಕ್ಕಳಿಗೆ ಓದಿನ ಮೊದಲ ಆಸರೆ ಸಂಗೀತದ ಮೂಲಕ ದೊರೆಯಿತು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಅಂಧ ಸಂಗೀತಗಾರ ಪಂಚಾಕ್ಷರಿ ಗವಾಯಿ (1892–1944) ಕಟ್ಟಿದ ಗದಗಿನ ವೀರೇಶ್ವರ ಪುಣ್ಯಾಶ್ರಮ ಅಂಧ, ಅನಾಥ ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಕೊಟ್ಟಿತು. ಅವರ ನಂತರ ಶಿಷ್ಯ ಪುಟ್ಟರಾಜ ಗವಾಯಿ (1914–2010) ಆರು ದಶಕಕ್ಕೂ ಹೆಚ್ಚು ಕಾಲ ಅದನ್ನು ನಡೆಸಿದರು. ಗದಗ 1997ರವರೆಗೆ ಧಾರವಾಡ ಜಿಲ್ಲೆಗೇ ಸೇರಿತ್ತು. ಆಶ್ರಮದಲ್ಲಿ ಕಲಿತ ಎಷ್ಟೋ ಮಂದಿ ಸಂಗೀತ ಶಿಕ್ಷಕರಾಗಿ ಸ್ವಂತ ಕಾಲ ಮೇಲೆ ನಿಂತರು. ಪೋಲಿಯೊದಿಂದ ನಡೆಯಲಾಗದವರಿಗೆ, ಕಿವಿ ಕೇಳದವರಿಗೆ ಇಂಥ ಆಸರೆ ಇರಲಿಲ್ಲ.

ಧಾರವಾಡದಲ್ಲಿ 1917ರಿಂದ ಕರ್ನಾಟಕ ಕಾಲೇಜು ಇತ್ತು; 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಆದರೆ ಕಾಲೇಜಿನ ಸೀಟು ವಿಕಲಚೇತನರ ಹಕ್ಕಾದದ್ದು ಕೇಂದ್ರದ 1995ರ ವಿಕಲಚೇತನರ ಕಾಯ್ದೆಯಿಂದ. ಅದು ಶೇ 3ರಷ್ಟು ಮೀಸಲಾತಿ ಕೊಟ್ಟಿತು. 2016ರ ಕಾಯ್ದೆ ಅದನ್ನು ಶೇ 5ಕ್ಕೆ ಏರಿಸಿ, 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆ ನೀಡಿತು. ಬೇರೊಬ್ಬರಿಂದ ಪರೀಕ್ಷೆ ಬರೆಸುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕಾಲಾವಕಾಶ ಕೊಡಬೇಕೆಂಬ ಕೇಂದ್ರದ ಮಾರ್ಗಸೂಚಿ ಬಂದದ್ದು 2013ರಲ್ಲಿ.

ಇಷ್ಟಾದರೂ ತೊಡಕು ಕಾಲೇಜಿನ ಬಾಗಿಲಿಗಿಂತ ಹಿಂದೆಯೇ ಶುರುವಾಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದ ಬದಲು ಬೇರೆ ವಿಷಯ ಆಯ್ದುಕೊಳ್ಳುವ ರಿಯಾಯಿತಿ ಅನೇಕರನ್ನು ಪಾಸು ಮಾಡಿಸಿದೆ, ನಿಜ. ಅದೇ ರಿಯಾಯಿತಿ ಪಿಯುಸಿ ವಿಜ್ಞಾನದ ದಾರಿಯನ್ನು ಮುಚ್ಚಿಬಿಡುತ್ತದೆ. ಹದಿನೈದರ ವಯಸ್ಸಿನಲ್ಲಿ ಈ ಪರಿಣಾಮವನ್ನು ಮಗುವಿಗೂ ಮನೆಯವರಿಗೂ ಕೂಡಿಸಿ ತಿಳಿಹೇಳುವವರು ಬೇಕು. ಮೀಸಲಾತಿಗೆ ಕನಿಷ್ಠ ಶೇ 40ರ ವೈಕಲ್ಯ ಪ್ರಮಾಣಪತ್ರ ಬೇಕು. ಅದರ ತಪಾಸಣೆಗೆ ಧಾರವಾಡದ ಜಿಲ್ಲಾ ಆಸ್ಪತ್ರೆಗೋ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೋ ಅಲೆಯುವಾಗ ಮಗುವಿನ ಜೊತೆ ಬರುವ ಮನೆಯವರ ಒಂದು ದಿನದ ಕೂಲಿಯೂ ಹೋಗುತ್ತದೆ. ಅಣ್ಣಿಗೇರಿ, ಕುಂದಗೋಳಕ್ಕೆ ರೈಲಿದೆ. ನವಲಗುಂದ, ಕಲಘಟಗಿಯವರಿಗೆ ಬಸ್ಸೇ ಗತಿ. ಮಳೆಗಾಲದ ಯರಿ ಮಣ್ಣಿನಲ್ಲಿ ತ್ರಿಚಕ್ರ ಸೈಕಲ್ ಬಸ್ ನಿಲ್ದಾಣದವರೆಗೂ ಬರುವುದಿಲ್ಲ.

ರಾಜ್ಯ ಸರ್ಕಾರ ವಿದ್ಯಾರ್ಥಿವೇತನ, ಶುಲ್ಕ ಮರುಪಾವತಿ, ರಿಯಾಯಿತಿ ಬಸ್ ಪಾಸ್, ಅಂಧ ವಿದ್ಯಾರ್ಥಿಗಳಿಗೆ ಟಾಕಿಂಗ್ ಲ್ಯಾಪ್‌ಟಾಪ್ ನೀಡುತ್ತದೆ. ಈ ಸೌಲಭ್ಯಗಳ ಸುದ್ದಿಯನ್ನು ಮನೆಗೆ ಮುಟ್ಟಿಸುವವರು ಗ್ರಾಮ ಪಂಚಾಯಿತಿಗಳ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರೂ ವಿಕಲಚೇತನರೇ, ಊರಿನ ಪ್ರತಿ ಮಗುವನ್ನೂ ಬಲ್ಲವರು, ದುಡಿಯುವುದು ಬರೀ ಗೌರವಧನಕ್ಕೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ತಮ್ಮೂರಿನ ಮಕ್ಕಳ ಪಟ್ಟಿಯನ್ನು ಪಿಯು ಕಾಲೇಜುಗಳಿಗೂ, ಎರಡು ವರ್ಷದ ಬಳಿಕ ಪದವಿ ಕಾಲೇಜುಗಳಿಗೂ ತಲುಪಿಸುವ ಹೊಣೆಯನ್ನು ಜಿಲ್ಲಾಡಳಿತ ಇವರಿಗೇ ವಹಿಸಬೇಕು, ಅದಕ್ಕೆ ತಕ್ಕ ಸಂಬಳವನ್ನೂ ಕೊಡಬೇಕು.