ಹಿತ್ತಿಲಿನಿಂದ ಹಿತ್ತಿಲಿಗೆ: ಒಂದು ಕಹಿ ಬಳ್ಳಿಯ ಕಥೆ

ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ ಹಾಪ್ ಬಳ್ಳಿ ಬೆಳೆಯುವ ಜಾಗಕ್ಕೆ ಹೊಲವೆಂದು ಹೇಳುವ ರೂಢಿಯಿಲ್ಲ. ಎಷ್ಟು ಎಕರೆ ಇದ್ದರೂ ಅದು ಹಾಪ್ 'ತೋಟ'ವೇ. ನಮ್ಮಲ್ಲಿ ಅಡಿಕೆ, ಕಾಫಿಗಳಿಗೆ ಸಲ್ಲುವ ಈ ಮಾತು ಬೀರ್‌ಗೆ ಕಹಿ ಕೊಡುವ ಈ ಬಳ್ಳಿಗೂ ಒಪ್ಪುತ್ತದೆ. ತುಂಡು ನೆಲದ ಕೃಷಿಯಾಗಿ ಬೇರೂರಿ, ಒಂದು ಕಾಲಕ್ಕೆ ಲಂಡನ್ನಿನ ಬಡವರನ್ನೆಲ್ಲ ತನ್ನತ್ತ ಸೆಳೆದು, ಈಗ ಮತ್ತೆ ಮನೆಯಂಗಳದಲ್ಲಿ ಕಾಣಿಸಿಕೊಳ್ಳುತ್ತಿರುವ ಬೆಳೆ ಇದು.

ಹಾಪ್ ಗಾಂಜಾ ಗಿಡದ ಹತ್ತಿರದ ಸಂಬಂಧಿ. ಇದರಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಕರಿಮೆಣಸಿನ ಬಳ್ಳಿ ಗಿಣ್ಣಿನ ಬೇರುಗಳಿಂದ ಮರವನ್ನು ಕಚ್ಚಿಕೊಂಡರೆ, ಹಾಪ್ ಕಾಂಡದ ಒರಟು ರೋಮಗಳ ಬಲದಿಂದ ಆಸರೆಯನ್ನು ಸುತ್ತಿ ಮೇಲೇರುತ್ತದೆ. ಚಳಿಗಾಲದಲ್ಲಿ ನೆಲದ ಮೇಲಿನ ಭಾಗವೆಲ್ಲ ಸಾಯುತ್ತದೆ. ವಸಂತದಲ್ಲಿ ಬುಡ ಮತ್ತೆ ಚಿಗುರಿ ಒಂದೇ ಬೇಸಿಗೆಯಲ್ಲಿ 15-20 ಅಡಿ ಬೆಳೆಯುತ್ತದೆ. ಹೆಣ್ಣು ಬಳ್ಳಿಯ ಹಸಿರು ಹೂಗೊಂಚಲಿನೊಳಗಿನ ಹಳದಿ ಹುಡಿಯೇ ಇದರ ಸಾರ. ಬೀರ್‌ಗೆ ಕಹಿ ಹಾಗೂ ಪರಿಮಳ ಕೊಡುವುದರ ಜೊತೆಗೆ ಅದು ಬೇಗ ಕೆಡದಂತೆಯೂ ಈ ಹುಡಿ ಕಾಯುತ್ತದೆ. ಚಳಿಗಾಲದ ವಿಶ್ರಾಂತಿ ಮತ್ತು ಬೇಸಿಗೆಯ ದೀರ್ಘ ಹಗಲು ಎರಡೂ ಬೇಕಾದ್ದರಿಂದ ದಕ್ಷಿಣ ಭಾರತ ಇದಕ್ಕೆ ಒಗ್ಗದು. ನಮ್ಮ ದೇಶದಲ್ಲಿ ಇದು ಬೆಳೆದಿರುವುದು ಹಿಮಾಚಲ ಪ್ರದೇಶದ ಲಾಹೌಲ್‌ನಂಥ ಶೀತಲ ಕಣಿವೆಗಳಲ್ಲಿ.

ಇಂಗ್ಲೆಂಡಿಗೂ ಹಾಪ್ ಕೃಷಿ ಹೊರಗಿನಿಂದ ಬಂದದ್ದೇ. ಅಲ್ಲಿನವರ ಹಳೆಯ ಪಾನೀಯವಾದ 'ಏಲ್' ಹಾಪ್ ಇಲ್ಲದೆ ತಯಾರಾಗುತ್ತಿತ್ತು. ಹಾಪ್ ಹಾಕಿದ ಬೀರ್ ಸಮುದ್ರದಾಚೆಯ ಫ್ಲಾಂಡರ್ಸ್, ಹಾಲೆಂಡ್ ಕಡೆಯಿಂದ ಬಂತು. 16ನೇ ಶತಮಾನದ ಮೊದಲ ಭಾಗದಲ್ಲಿ ಕೆಂಟ್‌ನಲ್ಲಿ ಕೃಷಿಯೂ ತೊಡಗಿತು. 1574ರಲ್ಲಿ ಅದೇ ಸೀಮೆಯ ರೆಜಿನಾಲ್ಡ್ ಸ್ಕಾಟ್ ಹಾಪ್ ತೋಟದ ಬಗ್ಗೆ ಇಂಗ್ಲಿಷಿನ ಮೊದಲ ಕೈಪಿಡಿಯನ್ನು ಪ್ರಕಟಿಸಿದ. ಮಣ್ಣಿನ ಗುಪ್ಪೆ ಮಾಡುವುದು, ಗಳ ನೆಡುವುದು, ಬಳ್ಳಿ ಕಟ್ಟುವುದು, ಹೂ ಒಣಗಿಸುವುದು ಎಲ್ಲವನ್ನೂ ಅದು ಚಿತ್ರಸಹಿತ ವಿವರಿಸುತ್ತದೆ. ಮಾಟಗಾತಿಯರೆಂದು ಬಡ ಮುದುಕಿಯರನ್ನು ಹಿಂಸಿಸುವುದರ ವಿರುದ್ಧ 1584ರಲ್ಲಿ ದೊಡ್ಡ ಗ್ರಂಥ ಬರೆದವನೂ ಈ ಸ್ಕಾಟನೇ.

ಮುಂದೆ ಹಾಪ್ ಲಾಭದ ಬೆಳೆಯಾಯಿತು. 1711ರಿಂದ 1862ರವರೆಗೆ ಸರ್ಕಾರ ಅದರ ಮೇಲೆ ಸುಂಕ ವಸೂಲು ಮಾಡಿತು. 1878ರ ಹೊತ್ತಿಗೆ ಇಂಗ್ಲೆಂಡಿನಲ್ಲಿ 70 ಸಾವಿರ ಎಕರೆಗೂ ಹೆಚ್ಚು ಹಾಪ್ ಇತ್ತು. ಆದರೆ ಕೊಯ್ಲು ಎಲ್ಲ ಕಡೆಯೂ ಒಟ್ಟಿಗೇ, ಕೆಲವೇ ವಾರಗಳಲ್ಲಿ ಮುಗಿಯಬೇಕು. ಊರಿನ ಕೈಗಳು ಅದಕ್ಕೆ ಸಾಲುತ್ತಿರಲಿಲ್ಲ. ಹಾಗಾಗಿ ಪ್ರತಿ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಪೂರ್ವ ಭಾಗದ ಬಡ ಕುಟುಂಬಗಳು ಪಾತ್ರೆಪಡಗ, ಮಕ್ಕಳುಮರಿ ಸಮೇತ ವಿಶೇಷ ರೈಲುಗಳಲ್ಲಿ ಕೆಂಟ್‌ಗೆ ಬರುತ್ತಿದ್ದವು. ಹೊಗೆ ತುಂಬಿದ ನಗರದವರಿಗೆ ಹಳ್ಳಿಯ ಗಾಳಿ ಸಿಗುತ್ತಿದ್ದುದು ಆಗ ಮಾತ್ರ. ಅದನ್ನೇ ಅವರು ರಜೆ ಎಂದುಕೊಂಡರು.

ಆ ರಜೆಗೆ ತೆತ್ತ ಬೆಲೆಯೂ ಇತ್ತು. 1849ರಲ್ಲಿ ಈಸ್ಟ್ ಫಾರ್ಲೆ ಎಂಬಲ್ಲಿ ಕೊಯ್ಲಿಗೆ ಬಂದಿದ್ದ 43 ಮಂದಿ ಕಾಲರಾಕ್ಕೆ ಬಲಿಯಾದರು. ಚರ್ಚಿನ ಅಂಗಳದಲ್ಲಿರುವ ಅವರ ಸ್ಮಾರಕ ಅವರನ್ನು 'ಅಪರಿಚಿತರು' ಎಂದಷ್ಟೇ ಕರೆಯುತ್ತದೆ. 1853ರ ಅಕ್ಟೋಬರ್ 20ರಂದು ಕೆಲಸ ಮುಗಿಸಿ ಬಿಡಾರಕ್ಕೆ ಮರಳುತ್ತಿದ್ದವರ ಕುದುರೆಗಾಡಿ ಹಾರ್ಟ್‌ಲೇಕ್ ಸೇತುವೆಯಿಂದ ಪ್ರವಾಹದಲ್ಲಿದ್ದ ಮೆಡ್ವೇ ನದಿಗೆ ಉರುಳಿ 30 ಮಂದಿ ಸತ್ತರು.

ಈ ಕೂಲಿಯವರ ಊಟದ ಬುಟ್ಟಿಯಿಂದಲೇ ಇಂಗ್ಲೆಂಡಿನ ಹೆಸರಾಂತ ತಳಿ ಹುಟ್ಟಿತೆಂಬ ಪ್ರತೀತಿಯೂ ಇದೆ. ಹಾಸ್ಮಂಡನ್ ಎಂಬ ಊರಿನ ಮನೆಯೊಡತಿಯೊಬ್ಬಳು ಕೊಯ್ಲಿನಿಂದ ಬಂದು ಬುಟ್ಟಿ ಕೊಡವಿದಾಗ ರೊಟ್ಟಿಚೂರಿನೊಂದಿಗೆ ಹೂದೋಟಕ್ಕೆ ಬಿದ್ದ ಬೀಜವೊಂದು ಮೊಳೆಯಿತಂತೆ. 1861ರ ಸುಮಾರಿಗೆ ಕಂಡ ಆ ಸಸಿ ಮುಂದೆ 'ಫಗಲ್' ತಳಿಯಾಯಿತೆಂದು 1901ರಲ್ಲಿ ದಾಖಲಾಗಿದೆ. ಕಥೆಯ ವಿವರಗಳನ್ನು ಈಚಿನ ಸಂಶೋಧಕರು ಪ್ರಶ್ನಿಸಿದ್ದಾರೆ. ಆದರೆ ತಳಿಯ ಯಶಸ್ಸು ಪ್ರಶ್ನಾತೀತ: 1940ರ ದಶಕದ ಕೊನೆಗೆ ಇಂಗ್ಲೆಂಡಿನ ಹಾಪ್‌ನಲ್ಲಿ ಸುಮಾರು ಮುಕ್ಕಾಲು ಪಾಲು ಫಗಲ್ ಆಗಿತ್ತು.

ಆ ಯಶಸ್ಸಿನಲ್ಲೇ ಅಪಾಯ ಅಡಗಿತ್ತು. ಹಾಪ್ ಅನ್ನು ಬೀಜದಿಂದ ಬೆಳೆಸುವುದಿಲ್ಲ, ಬುಡದ ತುಂಡಿನಿಂದ ನೆಡುತ್ತಾರೆ. ಹೀಗಾಗಿ ಒಂದು ತಳಿಯ ಬಳ್ಳಿಗಳೆಲ್ಲ ಒಂದೇ ಗಿಡದ ಪ್ರತಿಗಳು. ಒಂದಕ್ಕೆ ತಗಲುವ ರೋಗ ಎಲ್ಲಕ್ಕೂ ತಗಲುತ್ತದೆ. 1924ರಲ್ಲಿ ಕೆಂಟ್‌ನಲ್ಲಿ ಕಾಣಿಸಿಕೊಂಡ, ಮಣ್ಣಿನ ಶಿಲೀಂಧ್ರದಿಂದ ಬರುವ ಸೊರಗು ರೋಗ ಫಗಲ್ ತೋಟಗಳನ್ನು ನುಂಗುತ್ತ ಹೋಯಿತು. ಕೆಂಟ್‌ನ ವೈ ಕಾಲೇಜಿನ ವಿಜ್ಞಾನಿಗಳು ಹೊಸ ತಳಿಗಳನ್ನು ಬೆಳೆಸಿದರು. ಎರಡನೆಯ ಮಹಾಯುದ್ಧದ ನಂತರ ಯಂತ್ರಗಳು ಬಂದು 1960ರ ದಶಕದ ಹೊತ್ತಿಗೆ ಲಂಡನ್ ಕುಟುಂಬಗಳ ಯಾತ್ರೆಯೂ ನಿಂತಿತು. ಇಂದು ಉಳಿದಿರುವುದು 1878ರ ವಿಸ್ತೀರ್ಣದ ಇಪ್ಪತ್ತನೇ ಒಂದು ಪಾಲಿಗಿಂತಲೂ ಕಡಿಮೆ.

ತೋಟಗಳು ಕುಗ್ಗಿದರೂ ಬಳ್ಳಿ ಅಳಿಯಲಿಲ್ಲ. ವೈ ಕಾಲೇಜು 1990ರ ದಶಕದಲ್ಲಿ ಹೊರತಂದ 'ಫಸ್ಟ್ ಗೋಲ್ಡ್'ನಂಥ ಕುಳ್ಳ ತಳಿಗಳು ಎಂಟು-ಹತ್ತು ಅಡಿಯಲ್ಲೇ ನಿಲ್ಲುತ್ತವೆ. ಬೇಲಿ, ಗೋಡೆಯ ಆಸರೆ ಅವಕ್ಕೆ ಸಾಕು. ಮನೆಯಲ್ಲೇ ಬೀರ್ ಮಾಡುವ ಹವ್ಯಾಸಿಗಳು ಬುಡದ ತುಂಡು ತಂದು ನೆಡುತ್ತಾರೆ. ದಾರ ಕಟ್ಟಿ, ಚಿಗುರು ಹಬ್ಬಿಸುತ್ತಾರೆ. ಸ್ಕಾಟ್ 1574ರಲ್ಲಿ ಹೇಳಿಕೊಟ್ಟ ಕೆಲಸವೂ ಹೆಚ್ಚುಕಡಿಮೆ ಇಷ್ಟೇ. ನಡುವಿನ ನಾಲ್ಕು ಶತಮಾನ ಈ ಬಳ್ಳಿಯನ್ನು ಬಿಡಿಸಿದ ಕೈಗಳ ಗುರುತು ಮಾತ್ರ ತೋಟದಲ್ಲಿ ಉಳಿದಿಲ್ಲ. ಅದನ್ನು ಕಾಣಲು ಈಸ್ಟ್ ಫಾರ್ಲೆಯ ಚರ್ಚಿನ ಅಂಗಳಕ್ಕೇ ಹೋಗಬೇಕು.