ಬಾ: ನೆರಳಾಗಿ ಉಳಿಯದ ಸಹಧರ್ಮಿಣಿ



ಇತಿಹಾಸದ ಪಠ್ಯಪುಸ್ತಕಗಳಲ್ಲಿ ಕಸ್ತೂರಬಾ ಅವರಿಗೆ ದೊರೆಯುತ್ತಿದ್ದುದು ಒಂದೋ ಎರಡೋ ಸಾಲು ಮಾತ್ರ. 'ಗಾಂಧೀಜಿಯವರ ಧರ್ಮಪತ್ನಿ' ಎಂಬಲ್ಲಿಗೆ ಪಾಠ ಮುಗಿಯುತ್ತಿತ್ತು. ಅರವತ್ತು ವರ್ಷಗಳಿಗೂ ಮೀರಿದ ದಾಂಪತ್ಯ, ನಾಲ್ವರು ಮಕ್ಕಳ ಪಾಲನೆ, ತಾಯಿಯಿಲ್ಲದ ಮೊಮ್ಮಕ್ಕಳ ಪೋಷಣೆ, ಹಲವು ಸಲದ ಸೆರೆವಾಸ, ಇಷ್ಟೆಲ್ಲ ಒಂದು ಸಾಲಿನಲ್ಲಿ ಅಡಗೀತೇ?

ಕಸ್ತೂರಬಾ ಜನಿಸಿದ್ದು 1869ರಲ್ಲಿ, ಪೋರಬಂದರಿನ ವರ್ತಕರ ಮನೆಯಲ್ಲಿ. ಪತಿಗಿಂತ ಕೆಲವು ತಿಂಗಳು ಹಿರಿಯರು. ವಿವಾಹವಾದಾಗ ಇಬ್ಬರೂ ಹದಿಮೂರರ ಆಸುಪಾಸಿನ ಬಾಲಕರು. ಚೊಚ್ಚಲ ಕೂಸು ಕೆಲವೇ ದಿನಗಳಲ್ಲಿ ತೀರಿಕೊಂಡಿತು. ಹರಿಲಾಲ ಹುಟ್ಟಿದ 1888ರಲ್ಲಿಯೇ ಪತಿ ವಿಲಾಯಿತಿಗೆ ಹೊರಟರು. ಮುಂದೆ ಮಣಿಲಾಲ, ರಾಮದಾಸ, ದೇವದಾಸರು ಜನಿಸಿದರು.

ಪತಿಯ ಮಾತಿಗೆಲ್ಲ ತಲೆಯಾಡಿಸುವ ಸ್ವಭಾವ ಆಕೆಯದಾಗಿರಲಿಲ್ಲ. 1901ರಲ್ಲಿ ದಕ್ಷಿಣ ಆಫ್ರಿಕವನ್ನು ಬಿಟ್ಟು ಹೊರಟಾಗ ಅಲ್ಲಿನ ಭಾರತೀಯರು ಕಾಣಿಕೆಯಾಗಿ ಕೊಟ್ಟ ಚಿನ್ನದ ಸರವನ್ನು ಹಿಂದಿರುಗಿಸಬೇಕೆಂದು ಗಾಂಧೀಜಿ ಪಟ್ಟು ಹಿಡಿದರು. ಮುಂದೆ ಬರುವ ಸೊಸೆಯರಿಗೆ ಬೇಡವೇ, ಹಗಲಿರುಳು ನಾನು ದುಡಿದುದು ಸೇವೆಯಲ್ಲವೇ ಎಂದು ಬಾ ಕಣ್ಣೀರಿಡುತ್ತ ವಾದಿಸಿದರು. ಕೊನೆಗೆ ಸರವೇನೋ ಹೋಯಿತು. ಆದರೆ ಆ ಪ್ರಶ್ನೆಯನ್ನು ಗಾಂಧೀಜಿಯವರೇ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಹೆಂಡತಿಯ ಮೇಲೆ ತಾವು ನಡೆಸಿದ ದಬ್ಬಾಳಿಕೆಯನ್ನೂ ಅಲ್ಲಿ ಮುಚ್ಚಿಟ್ಟಿಲ್ಲ.

1913ರ ಮಾರ್ಚ್ ತಿಂಗಳಿನಲ್ಲಿ ದಕ್ಷಿಣ ಆಫ್ರಿಕದ ನ್ಯಾಯಾಲಯವೊಂದು ನೀಡಿದ ತೀರ್ಪಿನಿಂದ ಹಿಂದೂ, ಮುಸ್ಲಿಂ ಮತ್ತು ಪಾರಸಿ ಪದ್ಧತಿಯ ವಿವಾಹಗಳಿಗೆ ಕಾನೂನಿನ ಮನ್ನಣೆ ಇಲ್ಲದಂತಾಯಿತು. ಹಾಗಾದರೆ ನಾನು ಇವರ ಹೆಂಡತಿಯೇ ಅಲ್ಲವೇ ಎಂಬ ಪ್ರಶ್ನೆ ಬಾ ಅವರ ಮನಸ್ಸನ್ನು ಇರಿಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಫೀನಿಕ್ಸ್ ಆಶ್ರಮದಿಂದ ಹೊರಟ ಸತ್ಯಾಗ್ರಹಿಗಳ ತಂಡದಲ್ಲಿ ಅವರೂ ಇದ್ದರು. ಮೂರು ತಿಂಗಳ ಕಠಿಣ ಶಿಕ್ಷೆ ಅನುಭವಿಸಿ ಹೊರಬಂದಾಗ ದೇಹ ಎಲುಬಿನ ಹಂದರವಾಗಿತ್ತು. ಪತ್ನಿತ್ವದ ಗೌರವಕ್ಕಾಗಿ ಸೆರೆಮನೆ ಸೇರಿದ ಇಂತಹ ನಿದರ್ಶನ ಅಪರೂಪವೇ ಸರಿ.

ತಾಯಿಯಾಗಿ ಆಕೆ ಪಟ್ಟ ವೇದನೆ ಸೆರೆಮನೆಗಿಂತ ಕಠಿಣವಾದುದು. ಹಿರಿಯ ಮಗ ಹರಿಲಾಲ ತಂದೆಯೊಡನೆ ಮುನಿದು ದೂರವಾದ, ಕುಡಿತಕ್ಕೆ ಬಿದ್ದ. 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಆತನ ಪತ್ನಿ ಗುಲಾಬ್ ತೀರಿಕೊಂಡಾಗ, ತಬ್ಬಲಿ ಮಕ್ಕಳಿಗೆ ಮಡಿಲಾದವರು ಅಜ್ಜಿಯಾದ ಬಾ. ಆ ಮೊಮ್ಮಕ್ಕಳಲ್ಲಿ ಒಬ್ಬನಾದ ರಸಿಕ 1929ರಲ್ಲಿ, ಇನ್ನೂ ಹದಿಹರೆಯದಲ್ಲಿಯೇ, ದೆಹಲಿಯಲ್ಲಿ ಅಸುನೀಗಿದ. ಇನ್ನೊಬ್ಬ ಕಾಂತಿಲಾಲ 1930ರ ದಂಡಿಯಾತ್ರೆಯಲ್ಲಿ ತಾತನೊಡನೆ ಹೆಜ್ಜೆ ಹಾಕಿದ. ತಂದೆ ಮಗನ ಕದನದಲ್ಲಿ ಬಾ ಯಾರೊಬ್ಬರನ್ನೂ ತೊರೆಯಲಿಲ್ಲ. ಮಗನನ್ನು ಬಹಿರಂಗ ಪತ್ರದ ಮೂಲಕ ಗದರಿದವರೂ ಅವರೇ, ಅವನ ಬರವಿಗಾಗಿ ಹಂಬಲಿಸಿದವರೂ ಅವರೇ.

1942ರ ಆಗಸ್ಟ್ 9ರಂದು ಗಾಂಧೀಜಿ ಬಂಧಿತರಾದಾಗ, ಮುಂಬಯಿಯ ಶಿವಾಜಿ ಪಾರ್ಕಿನ ಸಭೆಯಲ್ಲಿ ತಾವೇ ಮಾತನಾಡುವುದಾಗಿ ಬಾ ಘೋಷಿಸಿದರು, ಅವರನ್ನೂ ಬಂಧಿಸಲಾಯಿತು. ಪುಣೆಯ ಆಗಾಖಾನ್ ಅರಮನೆಯೇ ಸೆರೆಮನೆಯಾಯಿತು. ಎಪ್ಪತ್ತು ದಾಟಿದ ಆ ವಯಸ್ಸಿನಲ್ಲಿ ಅವರು ಅಲ್ಲಿ ಪತಿಯಿಂದ ಗುಜರಾತಿ, ಭೂಗೋಳಗಳ ಪಾಠ ಹೇಳಿಸಿಕೊಂಡರು. ಕಲಿತದ್ದು ಮರೆತುಹೋಗುತ್ತಿತ್ತು, ಆದರೂ ಕುಳಿತು ಓದಿದರು. ನನ್ನಂತಹ ಮೇಷ್ಟರಿಗೆ ಇದಕ್ಕಿಂತ ಮಿಗಿಲಾದ ವಿದ್ಯಾರ್ಥಿ ಯಾರು?

1944ರ ಫೆಬ್ರವರಿಯಲ್ಲಿ ಕಾಯಿಲೆ ಉಲ್ಬಣಿಸಿತು. ದೇವದಾಸರು ವಿಮಾನದಲ್ಲಿ ಪೆನಿಸಿಲಿನ್ ತರಿಸಿದರು. ಸಾಯುತ್ತಿರುವ ಜೀವವನ್ನು ಸೂಜಿಯಿಂದ ನೋಯಿಸಬೇಡವೆಂದು ಗಾಂಧೀಜಿ ಒಪ್ಪಲಿಲ್ಲ. ಅದು ಸರಿಯೇ ತಪ್ಪೇ ಎಂಬ ಚರ್ಚೆ ಇಂದಿಗೂ ಉಳಿದಿದೆ. ಫೆಬ್ರವರಿ 22ರ ಸಂಜೆ, ಶಿವರಾತ್ರಿಯಂದು, ಪತಿಯ ತೊಡೆಯ ಮೇಲೆ ಬಾ ಕಣ್ಣು ಮುಚ್ಚಿದರು. ಗಾಂಧೀಜಿ ನೂತ ನೂಲಿನ ಸೀರೆಯನ್ನುಟ್ಟೇ ಚಿತೆಯೇರಿದರು. ಅರಮನೆಯ ಅಂಗಳದಲ್ಲಿ ಮಹಾದೇವ ದೇಸಾಯಿಯವರ ಸಮಾಧಿಯ ಪಕ್ಕದಲ್ಲಿ ಅವರ ಸಮಾಧಿಯಿದೆ.

ಅವರ ಹೆಸರಿನಲ್ಲಿ ದೇಶವೇ ನಿಧಿ ಕೂಡಿಸಿತು. ಹಳ್ಳಿಯ ಹೆಂಗಸರು ಮತ್ತು ಮಕ್ಕಳ ಸೇವೆಗಾಗಿ ಕಸ್ತೂರಬಾ ಸ್ಮಾರಕ ಟ್ರಸ್ಟ್ ರೂಪುಗೊಂಡಿತು. ನಮ್ಮ ಅರಸೀಕೆರೆಯಲ್ಲಿ ಅದರ ಕೇಂದ್ರ ಬೆಳೆದುದರ ಹಿಂದೆ ಯಶೋಧರಾ ದಾಸಪ್ಪನವರ ಶ್ರಮವಿದೆ.

ಬಾ ಅವರ ಬದುಕು ನಮಗೆ ತಿಳಿದಿರುವುದು ಅದನ್ನು ಕಂಡವರು ಬರೆದಿಟ್ಟದ್ದರಿಂದ. ನಮ್ಮ ನಿಮ್ಮ ಮನೆಗಳಲ್ಲಿಯೂ ಇಂತಹ ತಾಯಂದಿರು, ಅಜ್ಜಿಯರು ಬಾಳಿ ಹೋಗಿದ್ದಾರೆ. ಎಷ್ಟೋ ವಂಶವೃಕ್ಷಗಳಲ್ಲಿ ಅವರ ಹೆಸರೂ ಇಲ್ಲ. ಬಲ್ಲ ಹಿರಿಯರು ಇರುವಾಗಲೇ ಕೇಳಿ, ಅವರು ಹುಟ್ಟಿದ ಊರು, ಪಟ್ಟ ಪಾಡು, ಆಡಿದ ಮಾತುಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಹಳೆಯ ಮೇಷ್ಟರು ಕೊಡುವ ಮನೆಗೆಲಸವೆಂದೇ ತಿಳಿಯಿರಿ.