ಹಗರಿಯ ಸೇತುವೆಯೂ ರಾಜ್ಯದ ಎಲ್ಲೆಯೂ

ಭೈರವಾನಿತಿಪ್ಪದ ಅಣೆಕಟ್ಟಿನಿಂದ ಇಳಿದ ನೀರು ಎಲ್ಲಿಗೆ ಹೋಗುತ್ತದೆಂದು ತರಗತಿಯಲ್ಲಿ ಕೇಳಿದರೆ, ಬಳ್ಳಾರಿಯ ರೈಲು ಸೇತುವೆಯ ಕೆಳಕ್ಕೆ ಎಂದು ನಮ್ಮ ಮಕ್ಕಳು ಹೇಳುವುದುಂಟು. ಉತ್ತರ ಸರಿಯೇ. ಆದರೆ ನಕ್ಷೆ ಬರೆಯುವಾಗ ಅದೇ ಮಕ್ಕಳು ಹೊಳೆಯ ಗುಂಟ ರಾಜ್ಯದ ಎಲ್ಲೆಯನ್ನೆಳೆದು, ಸೇತುವೆಯ ಒಂದು ತುದಿಯನ್ನು ಕರ್ನಾಟಕಕ್ಕೂ ಇನ್ನೊಂದನ್ನು ಆಂಧ್ರಕ್ಕೂ ಹಂಚಿಬಿಡುತ್ತಾರೆ. ಈ ತಪ್ಪನ್ನು ತಿದ್ದುವುದಕ್ಕಾಗಿ ಈ ಕೆಲವು ಮಾತು.

ಬಾಬಾಬುಡನ್ ಗಿರಿಯ ಸೀಮೆಯಲ್ಲಿ ಹುಟ್ಟುವ ವೇದಾ, ಅವತಿ ಎಂಬ ತೊರೆಗಳು ಕೂಡಿ ವೇದಾವತಿಯಾಗುತ್ತವೆ. ನಮ್ಮಲ್ಲಿ ಅದೇ ಹಗರಿ. ಬಳ್ಳಾರಿ-ಗುಂತಕಲ್ಲು ರೈಲುದಾರಿ ಇದನ್ನು ಪರಮದೇವನಹಳ್ಳಿಯ ಬಳಿ ದಾಟುತ್ತದೆ. ಹೆದ್ದಾರಿಯೂ ಆ ಭಾಗದಲ್ಲಿಯೇ ದಾಟುತ್ತದೆ. ತುಂಗಭದ್ರೆಯ ಕೆಳಮಟ್ಟದ ಕಾಲುವೆಯೂ ಕಂಬಗಳ ಮೇಲೆ ಹೊಳೆಯನ್ನು ದಾಟಿ ಆಲೂರು, ಆದವಾನಿಗಳ ಕಡೆಗೆ ಸಾಗುತ್ತದೆ.

ವರ್ಷದ ಬಹುಭಾಗ ಮರಳೇ ಕಾಣುವ ಹೊಳೆಗೆ ಅಷ್ಟುದ್ದದ ಸೇತುವೆ ಏತಕ್ಕೆಂದು ಕೇಳುವವರುಂಟು. ಮರಳಿನ ಪಾತ್ರದಲ್ಲಿ ನೆರೆ ಬಂದರೆ ನೀರು ಮೇಲಕ್ಕೇರುವುದು ಮಾತ್ರವಲ್ಲ, ಕೆಳಕ್ಕೂ ಅಗೆಯುತ್ತದೆ. ಕಂಬದ ಬುಡದ ಮರಳೇ ಕೊಚ್ಚಿಹೋಗುತ್ತದೆ. ಆದಕಾರಣ ಇಂಥ ಹೊಳೆಗಳಲ್ಲಿ ಮೊದಲು ಬಾವಿಯಂತೆ ದುಂಡನೆಯ ಗೋಡೆ ಕಟ್ಟಿ, ಒಳಗಿನ ಮರಳನ್ನು ತೆಗೆಯುತ್ತ, ಅದು ತನ್ನ ಭಾರದಿಂದಲೇ ಗಟ್ಟಿನೆಲದವರೆಗೆ ಇಳಿಯುವಂತೆ ಮಾಡಿ, ಅದರ ಮೇಲೆ ಕಂಬ ನಿಲ್ಲಿಸುವ ಪದ್ಧತಿಯಿದೆ. 1907ರಲ್ಲಿ ಮಾರಿಕಣಿವೆಯ ಕಟ್ಟೆಯೂ 1961ರಲ್ಲಿ ನಮ್ಮ ಭೈರವಾನಿತಿಪ್ಪದ ಕಟ್ಟೆಯೂ ಮುಗಿದಮೇಲೆ ಹಗರಿಗೆ ಶಕ್ತಿಯುಡುಗಿತೆಂದು ಭಾವಿಸಿದ್ದವರಲ್ಲಿ ನಾವೂ ಸೇರಿದ್ದೆವು. 2022ರ ನೆರೆಯಲ್ಲಿ ಕಾಲುವೆಯ ಸೇತುವೆಯ ಕಂಬವೊಂದು ಕುಸಿಯಿತು. ಪೈರು ಒಣಗುವ ಭಯ ಎರಡು ರಾಜ್ಯಗಳ ರೈತರಿಗೂ ಒಂದೇ ಆಗಿದ್ದಿತು.

ಇನ್ನು ಎಲ್ಲೆಯ ವಿಚಾರ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ, ಬಳ್ಳಾರಿ ಜಿಲ್ಲೆಯ ಆಲೂರು, ಆದವಾನಿ, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿ ಉಳಿದವು ಮೈಸೂರಿಗೆ ಬಂದವು. ಬಳ್ಳಾರಿ ತಾಲೂಕಿನ ಪ್ರಶ್ನೆಯನ್ನು ಮಿಶ್ರಾ ಆಯೋಗ ಬೇರೆಯಾಗಿ ವಿಚಾರಿಸಿತ್ತು. ಕೆಲವೆಡೆ ಹೊಳೆಯೇ ಎಲ್ಲೆಯಾಗಿರಬಹುದು; ಆದರೆ ಅಂದು ಹಂಚಿದ್ದು ತಾಲೂಕುಗಳನ್ನು, ದಂಡೆಗಳನ್ನಲ್ಲ. ಹೀಗಾಗಿ ಆ ರೈಲು ಸೇತುವೆಯ ಎರಡು ತುದಿಗಳೂ ಕರ್ನಾಟಕದಲ್ಲಿಯೇ ಉಳಿದವು. ಎಲ್ಲೆ ಅದಕ್ಕೂ ಮೂಡಲಿಗೆ ಬಿದ್ದಿತು. ರಾಯದುರ್ಗ ಪಟ್ಟಣವಾದರೋ ಬಳ್ಳಾರಿಯಂತೆಯೇ ಹಗರಿಯ ಪಡುವಲಿಗಿದೆ. 1905ರಿಂದ ಬಳ್ಳಾರಿಗೆ ರೈಲೂ ಉಂಟು. ಆ ರೈಲು ಹತ್ತಿದವನು ಹಗರಿಯನ್ನು ದಾಟಬೇಕಾಗಿಲ್ಲ, ರಾಜ್ಯವನ್ನು ಮಾತ್ರ ದಾಟಬೇಕು! ಕನ್ನಡದ ಪುಸ್ತಕವೊಂದು ಬೇಕಾದರೆ ನಾವು ಹೋಗುವುದೂ ಅದೇ ದಾರಿಯಲ್ಲಿ.

ಈಗ ನಕ್ಷೆ ಬರೆಯಿಸುವಾಗ ಹೊಳೆಯನ್ನು ಮೊದಲು, ರೈಲುದಾರಿಗಳನ್ನೂ ಸೇತುವೆಯನ್ನೂ ಆಮೇಲೆ ಹಾಕಿಸಿ, ಎಲ್ಲೆಯ ಗೆರೆಯನ್ನು ಕಡೆಯಲ್ಲಿ ಎಳೆಯಿಸುತ್ತೇವೆ.